ರಾಳದಿಂದ ಅಚ್ಚಿಳಿಸಿದ ಬಿತ್ತಿಗೆ ಯಂತ್ರದ ಸಣ್ಣ ಭಾಗಗಳಿಗೆ ಹದ ಕೊಡುವ ಕ್ರಮ

ಹಿಂಗಾರಿ ಬಿತ್ತಿಗೆಯ ಕಾಲವು ಎರೆಭೂಮಿಯ ಒಕ್ಕಲಿಗನಿಗೆ ಎಷ್ಟು ಇಕ್ಕಟ್ಟಾದದ್ದೆಂಬದನ್ನು ಅಳವಂಡಿ ಸೀಮೆಯ ಗೌಡರಿಗೂ ಭೂಮಾಲಕರಿಗೂ ನಾನು ಹೇಳಿ ತಿಳಿಸಬೇಕಾದದ್ದಿಲ್ಲ. ಉತ್ತರೆ ಮಳೆಯಿಂದ ಚಿತ್ತೆಯ ವರೆಗಿನ ಕೆಲವೇ ವಾರಗಳಲ್ಲಿ ಬಿಳಿಜೋಳವೂ ಕಡಲೆಯೂ ನೆಲದೊಳಗೆ ಸೇರಬೇಕು. ಮೇಲ್ಪದರದ ಹಸಿ ಆರಿತೆಂದರೆ ಬೀಜವು ಎಷ್ಟು ಉತ್ತಮವಾದದ್ದಾಗಿದ್ದರೂ ಅದು ಮೊಳೆಯುವದು ದೈವಾಧೀನವೇ ಸರಿ. ಇಂಥ ದಿವಸಗಳಲ್ಲಿ ಒಂದು ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆ ಮುರಿದ ಕಾರಣಕ್ಕಾಗಿ ಟ್ರ್ಯಾಕ್ಟರೂ ಬಿತ್ತಿಗೆಯ ಯಂತ್ರವೂ ಹೊಲದ ಬದುವಿನಲ್ಲಿ ನಿಂತಿರುವದನ್ನು ನಾನು ಕಂಡಿದ್ದೇನೆ. ಆ ಬಿಲ್ಲೆಯ ಸಂಗತಿಯೇ ಈ ಲೇಖನಕ್ಕೆ ನಿಮಿತ್ತವು.

ಓರೆಯಾಗಿ ಕೂಡ್ರಿಸಿದ ಬಿಲ್ಲೆಗಳುಳ್ಳ ಬಿತ್ತಿಗೆ ಯಂತ್ರವನ್ನು ಅನೇಕರು ನೋಡಿರುವರು. ಬೀಜದ ಪೆಟ್ಟಿಗೆಯೊಳಗೆ ಈ ಬಿಲ್ಲೆಯು ತಿರುಗುತ್ತ, ತನ್ನ ಅಂಚಿನ ಗುಳಿಗಳಲ್ಲಿ ಒಂದೊಂದಾಗಿ ಬೀಜವನ್ನೆತ್ತಿ ನಳಿಗೆಗೆ ಹಾಕುವದು. ಕೂರಿಗೆಯ ಬಟ್ಟಲಿನ ಮೇಲೆ ಕೈಯಾಡಿಸುತ್ತ ಬೀಜ ಬಿಡುತ್ತಿದ್ದ ಹೆಂಗಸರ ಬೆರಳಿನ ಕೆಲಸವನ್ನು ಇಲ್ಲಿ ಈ ಬಿಲ್ಲೆಯು ವಹಿಸಿದೆ. ಜೋಳಕ್ಕೆ ಒಂದು ಬಿಲ್ಲೆ, ಕಡಲೆಗೆ ಒಂದು, ಸೂರ್ಯಕಾಂತಿಗೆ ಮತ್ತೊಂದು. ಯಂತ್ರ ಮಾರುವವರು ಕೊಟ್ಟ ಬಿಲ್ಲೆಗಳಲ್ಲಿ ಒಂದು ಮುರಿದರೆ ಅಥವಾ ನಮ್ಮ ಬೀಜದ ಗಾತ್ರಕ್ಕೆ ಒಗ್ಗದೆ ಹೋದರೆ ಬದಲಿಯು ಬೇಕೆಂದಾಗ ದೊರೆಯುವದು ಕಷ್ಟ. ಆದಕಾರಣ ಇಂಜಿನಿಯರಿಂಗ್ ಕಲಿತ ಮನೆಯ ಹುಡುಗರು ಮೇಜಿನ ಮೇಲೆ ಇಡಬಹುದಾದ ಒಂದು ಸಣ್ಣ ಯಂತ್ರದಿಂದ ಇಂಥ ಭಾಗಗಳನ್ನು ತಾವೇ ಅಚ್ಚಿಳಿಸಿಕೊಳ್ಳಲು ತೊಡಗಿರುವದು ಮೆಚ್ಚತಕ್ಕ ವಿಷಯವೇ ಆಗಿದೆ. ಆದರೆ ಯಂತ್ರದಿಂದ ಹೊರಬಂದ ಭಾಗವನ್ನೇ ಸಿದ್ಧವಾದ ಭಾಗವೆಂದು ತಿಳಿಯುವದು ದೊಡ್ಡ ತಪ್ಪು. ಈ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬನು.

ಕಳೆದ ಹಿಂಗಾರಿಯಲ್ಲಿ ಈ ಸೀಮೆಯ ಒಬ್ಬ ಭೂಮಾಲಕರು ಕಡಲೆ ಬಿತ್ತಲು ಬೇಕಾದ ಬಿಲ್ಲೆಗಳನ್ನು ತಮ್ಮ ಅಳಿಯನಿಂದ ಮಾಡಿಸಿ ತಂದಿದ್ದರು. ಹಿಂದಿನ ರಾತ್ರಿ ಯಂತ್ರದಿಂದ ತೆಗೆದು, ತೊಳೆದು, ಅರಿವೆಯಿಂದ ಒರೆಸಿ ತಂದ ಬಿಲ್ಲೆಗಳು ಅವು. ನೋಡಲು ಅಂದವಾಗಿದ್ದವು, ಗುಳಿಗಳು ಒಂದೇ ಸಮನಾಗಿದ್ದವು. ನಾನೂ ಕೈಯಲ್ಲಿ ಹಿಡಿದು, ಬೆರಳಿನಿಂದ ತಟ್ಟಿ, ಚೆನ್ನಾಗಿವೆಯೆಂದು ಹೇಳಿದೆನು. ಹೊಲದಲ್ಲಿ ಮೂರನೆಯ ಸಾಲು ತಿರುಗುವಷ್ಟರಲ್ಲಿ ಒಂದು ಬಿಲ್ಲೆಯ ನಡುವಿನ ರಂಧ್ರವು ಹಿಗ್ಗಿ, ದಂಡಕ್ಕೆ ಹಿಡಿತ ತಪ್ಪಿ, ಬಿಲ್ಲೆಯು ನಿಂತುಹೋಯಿತು. ಹಿಂದೆ ನಡೆದು ಬರುತ್ತಿದ್ದವರು ನೋಡದೆ ಇದ್ದಿದ್ದರೆ ಆ ಸಾಲು ಬೀಜವಿಲ್ಲದೆ ಖಾಲಿಯಾಗಿಯೇ ಸಾಗುತ್ತಿತ್ತು. ಬಿಲ್ಲೆಯನ್ನು ಮುರಿದು ನೋಡಲಾಗಿ ಒಳಭಾಗವು ಅಂಟುಅಂಟಾಗಿದ್ದಿತು. ಹೊಸ ಬಿಲ್ಲೆ ಬರುವಷ್ಟರಲ್ಲಿ ಎರಡು ದಿವಸಗಳು ಹೋದವು. ಏರುಭಾಗದ ಹೊಲದಲ್ಲಿ ಹಸಿಯು ಕೈಬಿಟ್ಟಿತು, ಅಲ್ಲಿ ಮೊಳಕೆ ಎಡೆಯೆಡೆಗೆ ತಪ್ಪಿತು. ಎರಡನೆಯ ಸಲ ಕ್ರಮವಾಗಿ ಹದ ಕೊಟ್ಟು ತಂದ ಬಿಲ್ಲೆಗಳು ಬಿತ್ತಿಗೆ ಮುಗಿಯುವ ವರೆಗೆ ತಿರುಗಿದವು. ರಾಳವೂ ಅದೇ, ಯಂತ್ರವೂ ಅದೇ, ಮಾಡಿದ ಕೈಯೂ ಅದೇ ಆಗಿದ್ದಿತು.

ಭೇದವು ಎಲ್ಲಿಂದ ಬಂದಿತೆಂದು ತಿಳಿಯಲು ಕೆಲಸದ ಮರ್ಮವನ್ನು ಸ್ವಲ್ಪ ಅರಿಯಬೇಕು. ಕುಕನೂರು ತಾಲೂಕಿನ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆಗಳ ಕೈಗಾರಿಕಾ ನೆಲೆಗೆ ಅಡಿಗಲ್ಲು ಹಾಕಲ್ಪಟ್ಟದ್ದು ಎಲ್ಲರಿಗೂ ತಿಳಿದಿದೆ. ಸಾಮಾನ್ಯವಾಗಿ ಅಂಥ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ ಉಕ್ಕಿನ ಅಚ್ಚಿನೊಳಗೆ ಒತ್ತುವರು. ಅದು ಆರಿದೊಡನೆ ಗಟ್ಟಿಯಾಗುವದು, ಮತ್ತೇನೂ ಮಾಡಬೇಕಾಗಿಲ್ಲ. ಸಾವಿರಾರು ಪ್ರತಿಗಳು ಬೇಕಾದಾಗ ಮಾತ್ರ ಉಕ್ಕಿನ ಅಚ್ಚಿನ ಖರ್ಚು ಗಿಟ್ಟುವದು. ನಮಗೆ ಬೇಕಾದ ಭಾಗವಾದರೋ ನಾಲ್ಕೋ ಆರೋ. ಅದಕ್ಕಾಗಿ ಉಪಯೋಗಿಸುವ ಸಣ್ಣ ಯಂತ್ರದಲ್ಲಿ ಕರಗಿಸುವ ಕೆಲಸವೇ ಇಲ್ಲ. ಅಂಗಡಿಯವರು ರೆಸಿನ್ ಎಂದು ಕರೆಯುವ ದ್ರವರೂಪದ ರಾಳವನ್ನು ಒಂದು ತಟ್ಟೆಯಲ್ಲಿ ತುಂಬಿ, ಕೆಳಗಿನಿಂದ ನೇರಳೆ ಬಣ್ಣದ ಬೆಳಕನ್ನು ಬೇಕಾದ ಆಕಾರದಲ್ಲಿ ಬೀಳಿಸಿದರೆ, ಬೆಳಕು ಬಿದ್ದಷ್ಟೇ ರಾಳವು ಕೆಲವು ಸೆಕೆಂಡುಗಳಲ್ಲಿ ಹೆಪ್ಪುಗಟ್ಟುವದು. ಸಾಮಾನ್ಯವಾಗಿ ಒಂದು ಪದರದ ದಪ್ಪ 0.05 ಮಿಲಿಮೀಟರು, ಅಂದಮೇಲೆ 5 ಮಿಲಿಮೀಟರು ದಪ್ಪದ ಬಿಲ್ಲೆಗೆ ನೂರು ಪದರಗಳು. ಬೆಳಕಿನಿಂದ ರಾಳವನ್ನು ಪದರ ಪದರವಾಗಿ ಗಟ್ಟಿಗೊಳಿಸುವ ಉಪಾಯವನ್ನು ಜಪಾನಿನ ಹಿದಿಯೋ ಕೊಡಾಮಾ ಎಂಬವರು 1981ರಲ್ಲಿ ಪ್ರಕಟಿಸಿದರು. ಅಮೇರಿಕದ ಚಾರ್ಲ್ಸ್ ಹಲ್ ಎಂಬವರು 1984ರಲ್ಲಿ ಅರ್ಜಿ ಹಾಕಿ 1986ರಲ್ಲಿ ಪೇಟೆಂಟು ಪಡೆದರು.

ಯಂತ್ರದೊಳಗೆ ಪ್ರತಿಯೊಂದು ಪದರಕ್ಕೂ ದೊರೆಯುವ ಬೆಳಕು ಆಕಾರವನ್ನು ಹಿಡಿದು ನಿಲ್ಲಿಸುವದಕ್ಕೆ ಸಾಕಾಗುವದೇ ಹೊರತು ರಾಳದ ಕಣಗಳೆಲ್ಲವೂ ಒಂದಕ್ಕೊಂದು ಬೆಸೆದುಕೊಳ್ಳುವದಕ್ಕೆ ಸಾಲದು. ಕುಂಬಾರನ ತಿಗರಿಯಿಂದಿಳಿದ ಹಸಿಮಡಕೆಗೆ ಆಕಾರವಿದೆ, ಬಲವಿಲ್ಲ. ಆವಿಗೆಯಲ್ಲಿ ಬೆಂದ ಮೇಲೆಯೇ ಅದು ನೀರು ಹಿಡಿಯುವದು. ಮನೆ ಕಟ್ಟಿಸಿದವರು ಸಿಮೆಂಟಿನ ಛಾವಣಿಗೆ ಎರಕ ಹಾಕಿದ ಮರುದಿವಸದಿಂದ ನೀರುಣಿಸುವದನ್ನು ಬಲ್ಲರು. ಗಟ್ಟಿಯಾಗಿ ಕಂಡರೂ ಅದರ ನಿಜವಾದ ಬಲವು ಆ ನಂತರದ ದಿವಸಗಳಲ್ಲಿ ಬರುವದು. ಅದರಂತೆಯೇ ರಾಳದ ಭಾಗಕ್ಕೆ ಅಚ್ಚಿಳಿದ ಮೇಲೆ ಪುನಃ ಬೆಳಕು ಮತ್ತು ಕಾವುಗಳನ್ನು ಕೊಟ್ಟು ಬಲಿಸಬೇಕು. ಇದನ್ನೇ ಇಲ್ಲಿ ಹದ ಕೊಡುವದು ಎಂದು ಕರೆದಿದ್ದೇನೆ.

ಇದರಿಂದಾಗುವ ಲಾಭವು ಅಲ್ಪವಾದದ್ದಲ್ಲ. ಫಾರ್ಮ್‌ಲ್ಯಾಬ್ಸ್ ಎಂಬ ಕಂಪನಿಯವರು ತಮ್ಮ ಕ್ಲಿಯರ್ ಎಂಬ ರಾಳದ ವಿಷಯದಲ್ಲಿ ಪ್ರಕಟಿಸಿದ ಪತ್ರಿಕೆಯ ಪ್ರಕಾರ, ಹಸಿಯಾದ ತುಂಡನ್ನು ಎಳೆದು ಹರಿಯಲು ಚದರ ಸೆಂಟಿಮೀಟರಿಗೆ ಸುಮಾರು 390 ಕಿಲೋಗ್ರಾಂ ಭಾರ ಸಾಕು. 60 ಡಿಗ್ರಿ ಕಾವಿನಲ್ಲಿ 405 ನ್ಯಾನೊಮೀಟರು ಅಲೆಯುದ್ದದ ಬೆಳಕನ್ನು ಒಂದು ತಾಸು ಕೊಟ್ಟ ಮೇಲೆ ಸುಮಾರು 660 ಕಿಲೋಗ್ರಾಂ ಬೇಕು. ಭಾರ ಹೊತ್ತಿರುವಾಗ ಬಾಗತೊಡಗುವ ಉಷ್ಣಮಾನವು ಸುಮಾರು 43 ಡಿಗ್ರಿಯಿಂದ 58ಕ್ಕೆ ಏರುವದು. ನಮ್ಮ ಕೊಪ್ಪಳ ಸೀಮೆಯವರು ಈ ಎರಡನೆಯ ಸಂಖ್ಯೆಯನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಬೇಸಿಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿಗೆ ಮುಟ್ಟುವ ಊರುಗಳಲ್ಲಿ, ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗೆಯೊಳಗೆ ಹಸಿಯಾದ ಭಾಗವು ಭಾರವಿಲ್ಲದೆಯೂ ಸೊಟ್ಟಗಾಗಬಹುದು.

ಅದೇ ಪತ್ರಿಕೆಯಲ್ಲಿ ಮತ್ತೊಂದು ಸಂಖ್ಯೆಯೂ ಇದೆ. ಮಾರುವವರು ಅದನ್ನು ಅಷ್ಟಾಗಿ ಎತ್ತಿ ಹೇಳುವದಿಲ್ಲ. ಹಸಿಯಾಗಿರುವಾಗ ಆ ತುಂಡು ಹರಿಯುವ ಮೊದಲು ನೂರಕ್ಕೆ 12ರಷ್ಟು ಉದ್ದಕ್ಕೆ ಹಿಗ್ಗುವದು. ಹದಗೊಂಡ ಮೇಲೆ ನೂರಕ್ಕೆ 6ರಷ್ಟು ಮಾತ್ರ. ಎಂದರೆ ಬಲವು ಹೆಚ್ಚಿದಂತೆ ಬಾಗುವ ಗುಣವು ಕಡಿಮೆಯಾಗುವದು. ಹೀಗಿರಲಾಗಿ, ಹೆಚ್ಚು ಬೆಳಕು ಕೊಟ್ಟಷ್ಟೂ ಒಳ್ಳೆಯದೆಂದು ಭಾವಿಸಿ ಬಿಲ್ಲೆಗಳನ್ನು ಎಂಟು ದಿವಸ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ ಇನ್ನೊಬ್ಬರ ಬಿಲ್ಲೆಯು ಹಳದಿಯಾಗಿ, ಪೆಟ್ಟಿಗೆಯಲ್ಲಿ ಒಂದು ಹರಳು ಸಿಕ್ಕಿಕೊಂಡ ಕ್ಷಣವೇ ಗಾಜಿನ ಬಳೆಯಂತೆ ಒಡೆದುಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಮಾಡುವ ಕ್ರಮವನ್ನು ಹೇಳುತ್ತೇನೆ. ಯಂತ್ರದಿಂದ ತೆಗೆದ ಭಾಗದ ಮೇಲೆ ಗಟ್ಟಿಯಾಗದ ರಾಳವು ಎಣ್ಣೆಯಂತೆ ಮೆತ್ತಿಕೊಂಡಿರುವದು. ಇದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯತಕ್ಕದ್ದು. ಎರಡು ಪಾತ್ರೆಗಳನ್ನಿಟ್ಟುಕೊಂಡು, ಮೊದಲನೆಯದರಲ್ಲಿ ಹಳೆಯ ದ್ರವದಿಂದ ದಪ್ಪನೆಯ ಮೆತ್ತಿಗೆಯನ್ನು ಬಿಡಿಸಿ, ಎರಡನೆಯದರಲ್ಲಿ ಶುದ್ಧವಾದ ದ್ರವದಿಂದ ತೊಳೆದರೆ ಖರ್ಚೂ ಕಡಿಮೆ, ಕೆಲಸವೂ ಚೊಕ್ಕಟ. ಗುಳಿಗಳಲ್ಲಿಯೂ ರಂಧ್ರದ ಮೂಲೆಗಳಲ್ಲಿಯೂ ಮೆತುವಾದ ಕುಂಚವನ್ನಾಡಿಸಬೇಕು. ಅಲ್ಲಿ ನಿಂತ ರಾಳವು ಮುಂದೆ ಗಟ್ಟಿಯಾಗಿ ಗುಳಿಯ ಅಳತೆಯನ್ನೇ ಕೆಡಿಸುವದು. ಆದರೆ ಒಟ್ಟಿನಲ್ಲಿ ಹತ್ತು ನಿಮಿಷಗಳಿಗಿಂತ ಹೆಚ್ಚು ಹೊತ್ತು ನೆನೆಯಿಡಕೂಡದು. ಆಲ್ಕೊಹಾಲು ಭಾಗದೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಮೆದುವಾಗಿಸುವದು.

ತೊಳೆದ ಮೇಲೆ ಆರಲು ಬಿಡುವದನ್ನು ಅವಸರದವರು ಕೈಬಿಡುತ್ತಾರೆ. ಮೈಮೇಲೆ ಆಲ್ಕೊಹಾಲಿನ ಪಸೆಯಿರುವಾಗಲೇ ಬೆಳಕಿಗೆ ಹಿಡಿದರೆ ಮೇಲ್ಮೈ ಬಿಳಿಚಿಕೊಂಡು ಅಂಟಾಗಿಯೇ ಉಳಿಯುವದು. ಗಾಳಿಯಾಡುವ ನೆರಳಿನಲ್ಲಿ ಅರ್ಧ ತಾಸಾದರೂ ಇಟ್ಟು, ವಾಸನೆಯು ಹೋಗಿ ಮೈ ಒಣಗಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಚ್ಚತಕ್ಕದ್ದು. ನಮ್ಮ ಕಿನ್ನಾಳದ ಚಿತ್ರಗಾರರು ಮರದ ತುಂಡುಗಳನ್ನು ಹುಣಸೆಬೀಜದ ಸರಿಯಿಂದ ಕೂಡಿಸಿ, ಅದರ ಮೇಲೆ ಲೇಪ ಹಚ್ಚಿ, ಒಣಗಿದ ಮೇಲೆಯೇ ಬಣ್ಣಕ್ಕೆ ಹೋಗುವದನ್ನು ನೋಡಿದವರಿಗೆ ಈ ಮಾತಿನ ಬೆಲೆ ತಿಳಿಯುವದು.

ಬೆಳಕು ಕೊಡಲು ತಿರುಗುವ ತಟ್ಟೆಯುಳ್ಳ ಸಿದ್ಧ ಪೆಟ್ಟಿಗೆಗಳು ಮಾರಾಟಕ್ಕಿವೆ. ಅದಿಲ್ಲದಿದ್ದರೆ 405 ನ್ಯಾನೊಮೀಟರಿನ ದೀಪವನ್ನು ಕೊಂಡು, ಒಳಮೈಗೆ ಹೊಳೆಯುವ ತಗಡಿನ ಹಾಳೆ ಹಚ್ಚಿದ ಒಂದು ಡಬ್ಬಿಯಲ್ಲಿ ಜೋಡಿಸಿಕೊಳ್ಳಬಹುದು. ದೀಪ ಉರಿಯುವಾಗ ಕಣ್ಣಿಟ್ಟು ನೋಡಕೂಡದು. ಬೆಳಕು ಎಲ್ಲ ಮಗ್ಗಲುಗಳಿಗೂ ಸಮನಾಗಿ ಬೀಳಬೇಕು. ತೆಳುವಾದ ಬಿಲ್ಲೆಯನ್ನು ಒಂದೇ ಮಗ್ಗಲಿಗೆ ಬಿಟ್ಟರೆ ಆ ಮಗ್ಗಲು ಮೊದಲು ಕುಗ್ಗಿ ಬಿಲ್ಲೆಯು ಹಪ್ಪಳದಂತೆ ಡೊಂಕಾಗುವದು. ನಡುನಡುವೆ ಮಗುಚಿಹಾಕುತ್ತಿದ್ದರೆ ಈ ದೋಷ ಬರದು. ಕಪ್ಪು ಅಥವಾ ದಟ್ಟವಾದ ಬಣ್ಣದ ರಾಳದಲ್ಲಿ ಬೆಳಕು ಆಳಕ್ಕೆ ಇಳಿಯುವದಿಲ್ಲ. ಮೇಲಿನ ತೊಗಟೆ ಮಾತ್ರ ಬಲಿತು ಒಳಗೆ ಹಸಿಯಾಗಿ ಉಳಿಯುವದು. ಬಲ ಬೇಕಾದ ಭಾಗಕ್ಕೆ ತಿಳಿಬಣ್ಣದ ರಾಳವೇ ಮೇಲು. ಒಳಗೆ ಟೊಳ್ಳಾದ ಭಾಗವಿದ್ದರೆ ರಾಳವು ಹರಿದುಹೋಗುವಂತೆ ಎರಡು ರಂಧ್ರಗಳನ್ನಾದರೂ ಇಡಿಸತಕ್ಕದ್ದು.

ಬೆಳಕಿನ ಸಂಗಡ ಕಾವೂ ಬೇಕೆಂದು ಹೇಳಿದೆನಷ್ಟೆ. ಗಟ್ಟಿಯಾದ ರಾಳದೊಳಗೆ ಇನ್ನೂ ಬೆಸೆಯದೆ ಉಳಿದ ಕಣಗಳು ತಣ್ಣಗಿರುವಾಗ ಅಲುಗಾಡಲಾರವು. ಕಾವು ಕೊಟ್ಟರೆ ಅವು ಸಡಿಲಗೊಂಡು ತಮ್ಮ ಜೊತೆಯನ್ನು ಹುಡುಕಿ ಸೇರುವವು. ಇದಕ್ಕೆ ಸುಲಭವಾದ ಉಪಾಯವೆಂದರೆ ನೀರು. ಒಂದು ಗಾಜಿನ ಪಾತ್ರೆಯಲ್ಲಿ ಸುಮಾರು 60 ಡಿಗ್ರಿಯ ತಿಳಿನೀರನ್ನು ಹಾಕಿ, ಒಣಗಿದ ಭಾಗವನ್ನು ಅದರಲ್ಲಿ ಮುಳುಗಿಸಿ, ನೀರಿನ ಸಮೇತ ಬೆಳಕಿಗೆ ಇಡುವದು. ನೀರಿನಿಂದ ಇನ್ನೊಂದು ಪ್ರಯೋಜನವೂ ಉಂಟು: ಗಾಳಿಯಲ್ಲಿರುವ ಆಮ್ಲಜನಕವು ಮೇಲ್ಮೈಯ ರಾಳವು ಬೆಸೆಯದಂತೆ ತಡೆಯುವದು, ಅದರಿಂದಲೇ ಕೆಲವು ಭಾಗಗಳು ಎಷ್ಟು ಹೊತ್ತು ಬೆಳಕು ಕೊಟ್ಟರೂ ಕೈಗೆ ಅಂಟುವವು. ನೀರಿನೊಳಗೆ ಈ ತೊಂದರೆಯು ಬಹಳ ಮಟ್ಟಿಗೆ ತಪ್ಪುವದು. ಕಾವನ್ನು ಉಷ್ಣಮಾಪಕದಿಂದಲೇ ನೋಡಬೇಕು, ಕೈ ಅದ್ದಿ ಅಂದಾಜು ಮಾಡಕೂಡದು. ಒಲೆಯ ಮೇಲಾಗಲಿ ಅಡಿಗೆಯ ಪಾತ್ರೆಯಲ್ಲಾಗಲಿ ಈ ಕೆಲಸವನ್ನು ಎಂದಿಗೂ ಮಾಡತಕ್ಕದ್ದಲ್ಲ.

ದೀಪವಿಲ್ಲದವರು ಸೂರ್ಯನಿಂದ ಮಾಡಿಕೊಳ್ಳಬಹುದೇ ಎಂದು ಅನೇಕರು ಕೇಳುವರು. ಮಾಡಿಕೊಳ್ಳಬಹುದು. ಸೂರ್ಯಪ್ರಕಾಶದಲ್ಲಿ ಬೇಕಾದ ಬೆಳಕು ಇದ್ದೇ ಇದೆ. ಸಾಧಾರಣ ಗಾಜು ಅದನ್ನು ತಡೆಯುವದಿಲ್ಲ. ಕಷ್ಟವೇನೆಂದರೆ, ವೈಶಾಖದ ಬಿಸಿಲು ಬೇರೆ, ಭಾದ್ರಪದದ ಮೋಡದ ಬಿಸಿಲು ಬೇರೆ. ಇಷ್ಟು ನಿಮಿಷವೆಂದು ಮುಂದಾಗಿ ಹೇಳಲು ಬಾರದು. ಆದುದರಿಂದ ದೀಪಕ್ಕಾಗಲಿ ಬಿಸಿಲಿಗಾಗಲಿ ಸಮಯವನ್ನು ಗೊತ್ತುಮಾಡಿಕೊಳ್ಳಲು ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಇದಕ್ಕೆ ಒಂದು ಬಕೀಟು, ಒಂದು ಚೆಂಬು, ತೂಕದ ತಕ್ಕಡಿ ಇವಿಷ್ಟೇ ಸಾಕು.

ಬಿಲ್ಲೆಗಳನ್ನು ಅಚ್ಚಿಳಿಸುವಾಗಲೇ ಅದೇ ರಾಳದಿಂದ, ಅದೇ ದಪ್ಪದ, ಬೆರಳುದ್ದದ ಆರೇಳು ಪಟ್ಟಿಗಳನ್ನು ಅಚ್ಚಿಳಿಸಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ತೊಳೆದು ಒಣಗಿಸಿ ಬೆಳಕಿಗೆ ಇಟ್ಟು, ಹತ್ತು ಹತ್ತು ನಿಮಿಷಗಳಿಗೆ ಒಂದೊಂದನ್ನು ಹೊರತೆಗೆದು ಗುರುತು ಹಾಕಿ ಕತ್ತಲೆಯಲ್ಲಿಡುವದು. ಬಳಿಕ ಎರಡು ಇಟ್ಟಿಗೆಗಳ ನಡುವೆ ಸೇತುವೆಯಂತೆ ಪಟ್ಟಿಯನ್ನಿಟ್ಟು, ನಡುವಿನಲ್ಲಿ ಬಕೀಟನ್ನು ತೂಗಹಾಕಿ, ಚೆಂಬಿನಿಂದ ಮೆಲ್ಲಗೆ ನೀರು ಹೊಯ್ಯುತ್ತ ಹೋಗುವದು. ಪಟ್ಟಿ ಮುರಿದಾಗ ನೀರಿನ ಸಮೇತ ಬಕೀಟನ್ನು ತೂಗಿ ಬರೆದುಕೊಳ್ಳುವದು. ಮುರಿಯುವ ಮೊದಲು ಪಟ್ಟಿಯು ಬಾಗಿತೋ ಇಲ್ಲವೋ ಎಂಬದನ್ನೂ ಬರೆಯುವದು. ಮೊದಮೊದಲಿನ ಪಟ್ಟಿಗಳು ಸ್ವಲ್ಪ ಭಾರಕ್ಕೇ ಜೋತುಬೀಳುವವು. ಮುಂದಿನವು ಹೆಚ್ಚು ಹೆಚ್ಚು ಭಾರ ಹೊರುವವು. ಯಾವ ಪಟ್ಟಿಯಿಂದ ಮುಂದಕ್ಕೆ ಭಾರವು ಹೆಚ್ಚದೆ ನಿಲ್ಲುವದೋ ಆ ಹೊತ್ತನ್ನೇ ಬಿಲ್ಲೆಗೂ ಇಟ್ಟುಕೊಳ್ಳತಕ್ಕದ್ದು. ಅದಕ್ಕೂ ಮುಂದಿನ ಪಟ್ಟಿಗಳು ಬಾಗದೆ ಚಟ್ಟನೆ ಮುರಿಯುವದನ್ನು ಕಂಡರೆ, ಎಲ್ಲಿ ನಿಲ್ಲಿಸಬೇಕೆಂಬದು ತಾನಾಗಿಯೇ ತಿಳಿಯುವದು. ರಾಳದ ಶೀಸೆಯ ಸಂಗಡ ಬರುವ ಸೂಚನೆಯಲ್ಲಿ ಕಾವು ಮತ್ತು ಕಾಲವನ್ನು ಕೊಟ್ಟಿರುವರು. ಅದನ್ನು ಮೊದಲ ಅಂದಾಜಾಗಿ ಹಿಡಿಯಬಹುದು. ರಾಳ ಬದಲಾದರೆ ಪರೀಕ್ಷೆಯನ್ನೂ ಹೊಸದಾಗಿ ಮಾಡಬೇಕು.

ಎಷ್ಟೇ ಹದ ಕೊಟ್ಟರೂ ಸ್ವಭಾವದಿಂದ ಪೆಡಸಾದ ರಾಳವು ಪೆಟ್ಟು ತಾಳುವದಿಲ್ಲ. ಅಂಗಡಿಯಲ್ಲಿ ಟಫ್ ಎಂಬ ಹೆಸರಿನಿಂದ ಮಾರುವ, ಪೆಟ್ಟು ತಾಳುವ ಜಾತಿಯ ರಾಳಗಳನ್ನು ಕೇಳಿ ತರಿಸುವದು ಒಳ್ಳೆಯದು. ಆಕಾರದಲ್ಲಿಯೂ ಸ್ವಲ್ಪ ವಿವೇಕ ಬೇಕು: ನಡುವಿನ ರಂಧ್ರದ ಮೂಲೆಗಳು ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುವದು, ಆದ್ದರಿಂದ ಮೂಲೆಗಳನ್ನು ದುಂಡಾಗಿಸಬೇಕು. ಹದ ಕೊಡುವಾಗ ಭಾಗವು ತುಸು ಕುಗ್ಗುವದರಿಂದ ಗುಳಿಯ ಅಳತೆಯನ್ನು ಹಸಿಬಿಲ್ಲೆಯಲ್ಲಿ ನೋಡಿ ಫಲವಿಲ್ಲ. ಹದಗೊಂಡ ಮೇಲೆ ಬಿತ್ತಬೇಕಾದ ಬೀಜವನ್ನೇ, ಅದು ಅಣ್ಣಿಗೇರಿ ಕಡಲೆಯಿರಲಿ ಜೆಜಿ 11 ಇರಲಿ, ಪೆಟ್ಟಿಗೆಯಲ್ಲಿ ಹಾಕಿ ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿ, ಒಂದು ಸುತ್ತಿಗೆ ಎಷ್ಟು ಬೀಜ ಬೀಳುವವೆಂದು ಎಣಿಸುವದು.

ಬಿಲ್ಲೆ, ಬೀಜನಳಿಗೆಯ ಲಾಳಿಕೆ, ನಳಿಗೆಗಳ ಜೋಡಣೆ ಇಂಥ ಹಗುರಾದ ಕೆಲಸಗಳಿಗೆ ರಾಳದ ಭಾಗಗಳು ತಕ್ಕವು. ಕೂರಿಗೆಯ ತಾಳಿಗೂ, ತಿರುಗುವ ದಂಡಗಳಿಗೆ ಹಾಕುವ ರಕ್ಷಣೆಯ ಮುಚ್ಚಳಗಳಿಗೂ, ಒತ್ತಡದಿಂದ ಔಷಧ ಸಿಂಪಡಿಸುವ ಪಂಪಿನ ಭಾಗಗಳಿಗೂ ಇವನ್ನು ಹಾಕಕೂಡದು. ಅಲ್ಲಿ ಮುರಿದರೆ ಹೋಗುವದು ಬರಿಯ ಬೀಜವಲ್ಲ, ಮನುಷ್ಯನ ಕೈಕಾಲು. ಕುಡಿಯುವ ನೀರಿಗೂ ದನಗಳ ಬಾನಿಗೂ ಇವುಗಳ ಸಂಪರ್ಕ ಬೇಡ.

ಹಸಿರಾಳವು ಚರ್ಮಕ್ಕೆ ಕೆಟ್ಟದ್ದು. ಮೊದಲ ದಿವಸ ಏನೂ ಆಗದಿದ್ದರೂ ಮೇಲಿಂದ ಮೇಲೆ ತಾಕಿದರೆ ತುರಿಯೂ ದದ್ದೂ ಎದ್ದು, ಆಮೇಲೆ ಜೀವಮಾನವೆಲ್ಲ ಅದರ ಹತ್ತಿರ ಹೋಗಲಾಗದಂಥ ಸ್ಥಿತಿ ಬರಬಹುದು. ನೈಟ್ರೈಲ್ ಕೈಚೀಲ ಮತ್ತು ಕನ್ನಡಕಗಳಿಲ್ಲದೆ ಮಕ್ಕಳು ಈ ಕೆಲಸಕ್ಕೆ ಕೈ ಹಾಕದಂತೆ ಮನೆಯ ಹಿರಿಯರು ನೋಡಿಕೊಳ್ಳಬೇಕು. ಆಲ್ಕೊಹಾಲು ಪೆಟ್ರೋಲಿನಂತೆ ಬೆಂಕಿ ಹಿಡಿಯುವ ಪದಾರ್ಥ. ಅದರ ಬಳಿಯಲ್ಲಿ ಬೀಡಿಯಾಗಲಿ ದೀಪದ ಬತ್ತಿಯಾಗಲಿ ಕೂಡದು. ತೊಳೆದು ಉಳಿದ ದ್ರವವನ್ನು ಹಿತ್ತಲಿಗೆ ಚೆಲ್ಲುವದು, ಬಾವಿಯ ಕಟ್ಟೆಯ ಬಳಿ ಪಾತ್ರೆ ಗಲಬರಿಸುವದು ಇವೆರಡನ್ನೂ ನಾನು ಕಂಡಿದ್ದೇನೆ. ಅದರಲ್ಲಿ ಕರಗಿದ ರಾಳವು ನೀರಿನ ಜೀವಿಗಳಿಗೆ ವಿಷ. ಅದನ್ನು ಪಾರದರ್ಶಕವಾದ ಮುಚ್ಚಳದ ಪಾತ್ರೆಯಲ್ಲಿ ಹಾಕಿ, ಕಾವು ತಗಲದ ಬೆಳಕಿನ ಸ್ಥಳದಲ್ಲಿ, ಮಕ್ಕಳ ಕೈಗೆ ಸಿಗದಂತೆ ಕೆಲವು ದಿವಸ ಇಟ್ಟರೆ ರಾಳವು ಗಟ್ಟಿಯಾಗಿ ತಳಕ್ಕಿಳಿಯುವದು. ಮೇಲಿನ ದ್ರವವನ್ನು ಸೋಸಿ ಮೊದಲನೆಯ ತೊಳೆತಕ್ಕೆ ಮರಳಿ ಉಪಯೋಗಿಸಬಹುದು.

ಹದಗೊಂಡ ಬಿಲ್ಲೆಯು ಆ ಬಳಿಕವೂ ಬಿಸಿಲಿಗೆ ಮುಪ್ಪಾಗುತ್ತಲೇ ಇರುವದರಿಂದ, ಬಿತ್ತಿಗೆ ಮುಗಿದೊಡನೆ ಅವನ್ನು ಯಂತ್ರದಿಂದ ಕಳಚಿ, ತೊಳೆದೊರೆಸಿ, ಕಪ್ಪು ಅರಿವೆಯಲ್ಲಿ ಸುತ್ತಿ ಒಳಮನೆಯಲ್ಲಿಡತಕ್ಕದ್ದು. ಬೀಜದ ಪೆಟ್ಟಿಗೆಗೆ ಮುಚ್ಚಳವಿಲ್ಲದಿದ್ದರೆ ಗೋಣಿಚೀಲವನ್ನಾದರೂ ಹೊದಿಸಬೇಕು. ಮುಂದಿನ ಹಂಗಾಮಿಗೆ ಬೇಕಾದ ಬಿಲ್ಲೆಗಳನ್ನು ಹುಬ್ಬೆ ಮಳೆಯ ಹೊತ್ತಿಗೇ ಮಾಡಿಸಿ ಪರೀಕ್ಷಿಸಿಕೊಂಡು, ಒಂದೊಂದು ಬೆಳೆಗೆ ಎರಡೆರಡು ಹೆಚ್ಚಿನವನ್ನು ಟ್ರ್ಯಾಕ್ಟರಿನ ಡಬ್ಬಿಯಲ್ಲಿಟ್ಟಿದ್ದರೆ ಸಾಕು. ಮೊದಲು ಮುರಿದ ಬಿಲ್ಲೆಯು ನನ್ನ ಮೇಜಿನ ಮೇಲಿದೆ. ನೋಡಬೇಕೆಂದವರು ಸಂತೆಯ ದಿವಸ ರೈತ ಸಂಪರ್ಕ ಕೇಂದ್ರಕ್ಕೆ ಬಂದರೆ ಅದನ್ನೂ, ಬಕೀಟಿನಿಂದ ಮುರಿದ ಪಟ್ಟಿಗಳನ್ನೂ ತೋರಿಸುವೆನು.